ಹಾಜರಿ ಪುಸ್ತಕದ ವೀರರು

"ನಿಂದು ಹೂಗಾರ," ಎಂದು ಸಿದ್ದಾರೂಢ ಕೆಂಪು ಪೆನ್ನಿನಿಂದ ಬರೆದೇಬಿಟ್ಟ. ಅದರ ಮುಂದೆ ಒಂದು ಓರೆಗೆರೆ ಎಳೆದ. ಆಮೇಲೆ ನೀಲಿ ಪೆನ್ನು ತೆಗೆದುಕೊಂಡು 'ದಯೆ' ಎಂದು ಸೇರಿಸಿದ.

ಮೇಘಾ ಬಗ್ಗಿ ನೋಡಿದಳು. "ನಾ ಕತ್ತಿ ಹಿಡಿಯಾಕಿ ಅಂತ ಸೋಮವಾರನ ಹೇಳೀನಿ."

"ರೂಲ್ಸ್ ಬದಲಾಗ್ಯಾವ."

"ಯಾವಾಗ?"

"ಈಗ."

ಅಂದು ಶನಿವಾರ. ಬೆಳಗಿನ ಶಾಲೆ ಬಿಟ್ಟಾಗಿತ್ತು. ನರೇಗಲ್ಲಿನ ಆ ಶಾಲೆಯ ಕಟ್ಟೆಯ ಮೇಲೆ ಆರನೆಯ ತರಗತಿಯ ನಾಲ್ವರು ಕೂತಿದ್ದರು: ಸಿದ್ದಾರೂಢ ದೇಸಾಯಿ, ಮೇಘಾ ಹೂಗಾರ, ಉಮರ ನದಾಫ ಮತ್ತು ಲಕ್ಷ್ಮೀ ಬಡಿಗೇರ. ನಡುವೆ ಒಂದು ದಾಳ, ಒಂದು ನೋಟುಬುಕ್ಕು, ಸಿದ್ದಾರೂಢನ ಅಣ್ಣ ಗದಗಿನಲ್ಲಿ ಝೆರಾಕ್ಸ್ ಮಾಡಿಸಿ ತಂದ ಇಂಗ್ಲಿಷ್ ಆಟದ ಪುಸ್ತಕ.

ಈ ಆಟಕ್ಕೆ ಬೋರ್ಡು ಬೇಡ, ಕಾಯಿ ಬೇಡ. ಒಬ್ಬರು ಕತೆ ಹೇಳುತ್ತ ಹೋಗಬೇಕು. ಆಡುವವರು ಕತೆಯೊಳಗಿನ ಒಬ್ಬೊಬ್ಬರಾಗಿ, ತಾವೇನು ಮಾಡುತ್ತೇವೆಂದು ಹೇಳಿ ದಾಳ ಒಗೆಯಬೇಕು. ಹೆಚ್ಚು ಬಿದ್ದರೆ ಕೆಲಸ ಕೈಗೂಡಿತು, ಕಡಿಮೆ ಬಿದ್ದರೆ ಕೆಟ್ಟಿತು. ಪ್ರತಿಯೊಬ್ಬರಿಗೂ ಒಂದು ಕ್ಲಾಸ್ ಇರಬೇಕು, ಅಂದರೆ ಅವರು ಬಲ್ಲ ವಿದ್ಯೆ. ಒಂದು ಥೀಮ್ ಇರಬೇಕು, ಅಂದರೆ ಅವರ ಮನಸ್ಸು ಎಳೆಯುವ ದಿಕ್ಕು.

ಕತೆ ಗಜೇಂದ್ರಗಡದ ಕೋಟೆಯದು. ಗೋಡೆ ಏರಿ, ಮೇಲಿನ ಹೊಂಡದಲ್ಲಿ ಮುಳುಗಿದ ನಗಾರಿಯನ್ನು ಹೊರತೆಗೆಯಬೇಕು. ಆದರೆ ಐದು ದಿನ ಕಳೆದರೂ ಯಾರೊಬ್ಬರೂ ಗುಡ್ಡದ ಬುಡ ಮುಟ್ಟಿರಲಿಲ್ಲ. ಇಂದನ್ನೂ ಸೇರಿಸಿದರೆ ಲಕ್ಷ್ಮೀಯ ಲೆಕ್ಕದಲ್ಲಿ ಆರು ದಿನ. ಹೆಸರಿಡುವ ಕೆಲಸವೇ ಇನ್ನೂ ಮುಗಿದಿರಲಿಲ್ಲ.

ಸೋಮವಾರ ಇಂಗ್ಲಿಷ್ ಹೆಸರುಗಳನ್ನು ಕನ್ನಡಕ್ಕೆ ತರಲು ಕೂತರು. ರೇಂಜರ್ ಎಂದರೆ ಅರಣ್ಯ ಇಲಾಖೆಯ ಸಾಹೇಬರು, ಅವರಿಗೆ ಜೀಪು ಕೊಡಲೇಬೇಕು ಎಂದು ಉಮರ ಪಟ್ಟು ಹಿಡಿದ. ಮಂಗಳವಾರ ಮತ್ತು ಬುಧವಾರ, ಕ್ಲಾಸಿಗೂ ಥೀಮಿಗೂ ನಡುವೆ ಎಳೆಯುವ ಗೆರೆ ಅಡ್ಡವೋ ಓರೆಯೋ ಎಂಬ ಚರ್ಚೆ ನಡೆಯಿತು. ಗುರುವಾರ ಕೆಂಪು ಪೆನ್ನು ಕಳೆದಿದ್ದರಿಂದ ಸಭೆ ಮುಂದೆ ಹೋಯಿತು. ಶುಕ್ರವಾರ ಸಿದ್ದಾರೂಢನನ್ನು ಬಿಟ್ಟು ಉಳಿದ ಮೂವರೂ ಕತ್ತಿವೀರರೇ ಆಗುತ್ತೇವೆಂದು ಬಡಿದಾಡಿಕೊಂಡರು.

"ಅದಕ್ಕ ನೋಡ್ರಿ," ಎಂದ ಸಿದ್ದಾರೂಢ. "ಹಾಜರಿ ಪುಸ್ತಕದಾಗ ಎಲ್ಲಾರ ಹೆಸರಿನ ಮುಂದ ಕ್ಲಾಸ್ ರೆಡಿ ಐತಿ. ಯಾರ ಅಡ್ಡಹೆಸರು ಏನೈತ್ಯೋ ಅದ ಅವ್ರ ಕ್ಲಾಸು. ಜಗಳನ ಇಲ್ಲ."

"ನದಾಫಂದ್ರ ಹತ್ತಿ ಹಿಂಜಾವ್ರು," ಎಂದ ಉಮರ. "ನಮ್ಮಪ್ಪಂದು ಮೊಬೈಲ್ ಅಂಗಡಿ ಐತಿ."

"ಅಪ್ಪಂದು ಬ್ಯಾಡ. ಪುಸ್ತಕದಾಗಿಂದು."

ಉಮರ ತುಸು ಯೋಚಿಸಿದ. "ಹತ್ತಿ ಹಿಂಜಾಕ ಒಂದು ದೊಡ್ಡ ಬಿಲ್ಲು ಇರತೈತಿ, ಹೌದಿಲ್ಲೋ?"

"ಇರತೈತಿ."

"ಹಂಗಾರ ನಾ ಒಪ್ಪಿದೆ."

ಬಸ್ ಕಂಡಕ್ಟರರ ಮಗಳಾದ ಲಕ್ಷ್ಮೀ, ಉಳಿ ಮತ್ತು ಸುತ್ತಿಗೆ ಕೊಡುವುದಾದರೆ ಮರಗೆಲಸದ ಬಡಿಗೇರಳಾಗಲು ತನ್ನ ತಕರಾರಿಲ್ಲ ಎಂದಳು. ಮೇಘಾ ಒಬ್ಬಳೇ ಉಳಿದಳು.

ದಿನವೂ ನಸುಕಿನಲ್ಲಿ ಎದ್ದು, ಅವ್ವನ ಜೊತೆ ಹತ್ತು ಮಾರು ಹೂವು ಕಟ್ಟಿಯೇ ಅವಳು ಶಾಲೆಗೆ ಬರುತ್ತಿದ್ದಳು. ಬೆರಳ ತುದಿಯಲ್ಲಿ ದಾರದ ಗೀರು ಮಾಯುತ್ತಲೇ ಇರಲಿಲ್ಲ. ಹೂವಿನ ಮೇಲೆ ಅವಳಿಗೆ ಸಿಟ್ಟೇನಿಲ್ಲ. ಆದರೆ ಆಟದೊಳಗೂ ಬುಟ್ಟಿ ಹೊತ್ತುಕೊಂಡೇ ಹೋಗುವುದಾದರೆ ಆಟಕ್ಕೆ ಬರುವುದಾದರೂ ಏಕೆ?

"ಕೋಟಿ ಬಾಗಲಾಗ ಕಾವಲಿನವ ಭರ್ಚಿ ಹಿಡಕೊಂಡು ಬಂದ್ರ ನಾ ಏನ್ ಮಾಡ್ಲಿ?" ಎಂದಳು.

"ಹೂವಿನ ಮಾಲಿ ಹಾಕು."

"ನಿಂದೇನು?"

ಸಿದ್ದಾರೂಢ ತನ್ನ ಸಾಲು ತೋರಿಸಿದ. 'ದೇಸಾಯಿ / ನ್ಯಾಯ. ವಿದ್ಯೆ: ಅಪ್ಪಣೆ ಕೊಡುವುದು.' ಕತೆ ಹೇಳುವವನೂ ಅವನೇ, ತೀರ್ಪು ಕೊಡುವವನೂ ಅವನೇ ಆಗಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಕಾನೂನು ಬರೆದಿದ್ದ: 'ಸಾಲಿನಲ್ಲಿ ಇಲ್ಲದ ಕೆಲಸಕ್ಕೆ ದಾಳ ಇಲ್ಲ.'

ಕಟ್ಟೆಯ ತುದಿಯಲ್ಲಿ ಬಿಸಿಯೂಟದ ಅಡುಗೆಯ ಶಂಕ್ರವ್ವ ಅಕ್ಕಿಯ ಹರಳು ಆರಿಸುತ್ತಿದ್ದಳು. ಇಷ್ಟು ಹೊತ್ತೂ ಎಲ್ಲ ಅವಳ ಕಿವಿಗೆ ಬಿದ್ದಿತ್ತು. "ನಂದೇನು ಬರೀತೀಯೋ ತಮ್ಮಾ?" ಎಂದಳು.

"ಅಡ್ಡಹೆಸರು ಹೇಳ್ರಿ."

"ಯಾವುದು ಹೇಳ್ಲಿ? ತವರಾಗ ಇಟಗಿ ಅಂತಿದ್ರು. ಲಗ್ನ ಆದಮ್ಯಾಲೆ ಶಿರೋಳ ಅಂತ ಆತು."

ಪೆನ್ನು ಗಾಳಿಯಲ್ಲೇ ನಿಂತಿತು. ಈ ಕಡೆ ಊರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಮನೆತನಗಳಿಗೆ ಲೆಕ್ಕವಿಲ್ಲ. ಆದರೆ ಒಂದು ಇಡೀ ಊರಿಗೆ ಯಾವ ವಿದ್ಯೆ ಬರುತ್ತದೆಂದು ಆಟದ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ.

"ಇಟಗಿ ಇದ್ದಾಗ ಏನ್ ಮಾಡ್ತಿದ್ರಿ?" ಎಂದು ಸಿದ್ದಾರೂಢ ವಿಚಾರಣೆ ಶುರುಮಾಡಿದ.

"ರೊಟ್ಟಿ ಬಡೀತಿದ್ದೆ."

"ಶಿರೋಳ ಆದಮ್ಯಾಲೆ?"

"ರೊಟ್ಟಿನ ಬಡದೆ. ಮತ್ತೇನು, ಊರು ಬಡೀಲೇನು?"

ಉಮರ ಹೊಟ್ಟೆ ಹಿಡಿದುಕೊಂಡು ನಕ್ಕ. "ಲಗ್ನ ಆದ್ರ ಕ್ಲಾಸ್ ಬದಲಾಗತೈತಿ ಅಂತ ಇನ್ನೊಂದು ರೂಲ್ ಬರಿಯೋ."

ಆ ನಗುವಿನ ಸಂದಿಯಲ್ಲಿ ಮೇಘಾ ನೋಟುಬುಕ್ಕು ಎಳೆದುಕೊಂಡಳು. 'ಹೂಗಾರ'ದ ಮೇಲೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ 'ಕತ್ತಿ ಹಿಡಿದವಳು. ವಿದ್ಯೆ: ಹತ್ತುವುದು, ಕಾದಾಡುವುದು' ಎಂದು ಬರೆದಳು. ಹಾಜರಿ ಪುಸ್ತಕ ಕೈಕೊಟ್ಟಮೇಲೆ ಅವಳನ್ನು ತಡೆಯಲು ಸಿದ್ದಾರೂಢನ ಬಳಿ ಯಾವ ಕಾನೂನೂ ಉಳಿದಿರಲಿಲ್ಲ.

ಅಂತೂ ಕತೆ ಗುಡ್ಡದ ಬುಡಕ್ಕೆ ಬಂತು. ಉಮರ ಹತ್ತಿಯ ಬಿಲ್ಲಿನಿಂದ ಹಗ್ಗ ಹಾರಿಸಿದ. ದಾಳದಲ್ಲಿ ಐದು ಬಿತ್ತು. ಲಕ್ಷ್ಮೀ ಗೋಡೆಗೆ ಗೂಟ ಬಡಿದಳು, ನಾಲ್ಕು. ಮೇಘಾ ಹಲ್ಲಲ್ಲಿ ಕತ್ತಿ ಕಚ್ಚಿಕೊಂಡು ಹತ್ತಿದಳು, ಆರು.

"ಹತ್ರಿ," ಎಂದು ದೇಸಾಯಿ ಕೆಳಗಿನಿಂದ ಅಪ್ಪಣೆ ಕೊಟ್ಟ.

"ನಾವು ಹತ್ತೇವಿ. ನೀ ಹತ್ತು," ಎಂದಳು ಲಕ್ಷ್ಮೀ.

ಸಿದ್ದಾರೂಢ ದಾಳ ಎತ್ತಿಕೊಂಡ. ತನ್ನ ಸಾಲು ನೋಡಿದ. ಹತ್ತುವುದು ಅದರಲ್ಲಿ ಇರಲಿಲ್ಲ. ದಾಳವನ್ನು ಕೆಳಗಿಟ್ಟ.

"ದೇಸಾಯ್ರು ಕೆಳಗ ಕುಂತು ಚಪ್ಪಲಿ ಕಾಯ್ಲಿ," ಎಂದ ಉಮರ. ಅವನೂ ಲಕ್ಷ್ಮೀಯೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಸಿದ್ದಾರೂಢ ಮೇಘಾಳಿಗೆ ಮಾತ್ರ ಕೇಳುವಂತೆ ಅಂದ: "ನನಗ ಕಳ್ಳ ಆಗೂದಿತ್ತು."

"ಮತ್ತ ಬರೀಬೇಕಿಲ್ಲೋ?"

"ದೇಸಾಯ್ರ ಹುಡುಗ ಕಳ್ಳ ಅಂತ ಬರದಿದ್ದು ನಮ್ಮ ಮನ್ಯಾಗ ಯಾರರ ನೋಡಿದ್ರ..." ಅವನು ಕೆಂಪು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ಮೇಘಾ ನಗಲಿಲ್ಲ. ಚಲೋ ಹೆಸರನ್ನು ಅವನು ತನಗೇ ಇಟ್ಟುಕೊಂಡನೆಂದು ಅವಳು ಆ ತನಕ ನಂಬಿದ್ದಳು. ನೋಟುಬುಕ್ಕನ್ನು ಮೆಲ್ಲಗೆ ಅವನ ಕಡೆ ಸರಿಸಿದಳು. ಆಮೇಲೆ ಎದ್ದು ನಿಂತು, "ಉಮರ, ಲಕ್ಷ್ಮೀ, ಇಲ್ಲಿ ನೋಡ್ರಿ, ಕಾವಲಿನವ ಎಷ್ಟು ಎತ್ತರ ಅದಾನ ತೋರಸ್ತೀನಿ," ಎಂದು ಕೈಯೆತ್ತಿದಳು. ಇಬ್ಬರೂ ಕತ್ತೆತ್ತಿ ಅವಳ ಕಡೆ ತಿರುಗಿದರು.

ಅವಳ ಹಿಂದೆ ಪೆನ್ನು ಕಾಗದದ ಮೇಲೆ ಕಿರಗುಟ್ಟತೊಡಗಿತು. ಮೇಘಾ ತಿರುಗಿ ನೋಡಲಿಲ್ಲ. ಆ ಸದ್ದು ನಿಲ್ಲುವ ತನಕ ಕಾವಲಿನವನನ್ನು ಇನ್ನಷ್ಟು ಎತ್ತರ ಮಾಡುತ್ತಲೇ ಹೋದಳು.