ಕೆರೆ ಬದಿಯ ಆನೆ ಕಂಡವರು ಯಾರು?

ಬೆಳಿಗ್ಗೆ ಒಂಬತ್ತಕ್ಕೆ ಆರೋಗ್ಯ ಕೇಂದ್ರದ ಬೀಗ ತೆಗೆದ ಹೊಸ ಆರೋಗ್ಯ ಅಧಿಕಾರಿ ದಿವ್ಯ ಮೇಜಿನ ಡ್ರಾಯರ್ ಎಳೆದಳು. ಚಾರ್ಜರ್ ಇತ್ತು. ಟ್ಯಾಬ್ ಇರಲಿಲ್ಲ.

ನಾವು ತಲುಪಿದಾಗ ಹತ್ತು ಗಂಟೆ. ನಾವು ಎಂದರೆ ಸಬ್ ಇನ್‌ಸ್ಪೆಕ್ಟರ್ ಅಶ್ವಿತಾ ಮೇಡಂ ಮತ್ತು ನಾನು, ಹೆಡ್ ಕಾನ್‌ಸ್ಟೇಬಲ್ ಸಾಂತಪ್ಪ. ನನ್ನ ಸರ್ವಿಸು ಇಪ್ಪತ್ತಾರು ವರ್ಷ. ಮೇಡಂ ವಯಸ್ಸೇ ಇಪ್ಪತ್ತೇಳು. ಸೆಲ್ಯೂಟ್ ಹೊಡೆಯುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ?

ಬೀಗ ಮುರಿದಿರಲಿಲ್ಲ. ಕೀಲಿ ಮೀಟರ್ ಬಾಕ್ಸಿನ ಹಿಂದೆ ಮೊಳೆಗೆ ತೂಗುತ್ತದೆ. ಅದು ಊರಿಗೆಲ್ಲ ಗೊತ್ತು.

"ಇನ್ನೊಂದು ಟ್ಯಾಬ್ ಕೊಡ್ತಾರಲ್ಲ?" ಎಂದೆ.

ದಿವ್ಯ ಬೆಂಚಿನ ಕಡೆ ಕಣ್ಣು ಮಾಡಿದಳು. ಅಲ್ಲಿ ಎಸ್ಟೇಟ್ ಲೈನಿನ, ಅಂದರೆ ಆಳುಗಳ ಸಾಲುಮನೆಯ ಸಣ್ಣಿ ಕೂತಿದ್ದಳು. ಎಂಟು ತಿಂಗಳ ಬಸುರಿ. ಮುಖ ಊದಿತ್ತು, ಕಾಲೂ ಊದಿತ್ತು.

"ಬಿಪಿ ಮೂರು ವಾರದಿಂದ ಏರ್ತಾ ಉಂಟು ಸರ್. ಹೆರಿಗೆ ಡಾಕ್ಟರು ವಿಡಿಯೋದಲ್ಲಿ ಸಿಗೋದು ವಾರಕ್ಕೆ ಒಂದೇ ದಿನ. ಇವತ್ತು ಹನ್ನೊಂದಕ್ಕೆ. ಆ ಟ್ಯಾಬ್ ಬಿಟ್ಟು ಬೇರೆದ್ರಲ್ಲಿ ಲಾಗಿನ್ ಆಗೋದಿಲ್ಲ."

"ಇವಳನ್ನ ಸೀದಾ ಆಸ್ಪತ್ರೆಗೆ ಕಳಿಸಿ ಮಾರಾಯ್ರೆ."

"ನಾನೂ ಅದನ್ನೇ ಬಡ್ಕೊಂಡೆ," ಎಂದರು ಬಾಗಿಲಲ್ಲಿ ನಿಂತಿದ್ದ ನರ್ಸ್ ಸುಮಿತ್ರಮ್ಮ. "ಜೊತೆಗೆ ನಾನೇ ಬರ್ತೇನೆ ಅಂದೆ. ಕೇಳ್ಬೇಕಲ್ಲ?"

ಸಣ್ಣಿ ತಲೆ ತಗ್ಗಿಸಿದಳು. "ಕಾಫಿ ಪಿಕ್ಕಿಂಗ್ ಬಿಟ್ಟು ಹೆಂಗೆ ಹೋಗೋದು? ಡಾಕ್ಟರು ಹೇಳ್ಲಿ, ಹೋಗ್ತೀನಿ."

ಸುಮಿತ್ರಮ್ಮನ ತುಟಿ ಬಿಗಿಯಿತು. ಇಪ್ಪತ್ತೆಂಟು ವರ್ಷದಿಂದ ಲೈನಿನ ಹೆರಿಗೆಗಳನ್ನೆಲ್ಲ ನೋಡಿಕೊಂಡ ಕೈ ಅವರದು. ಈ ಸಣ್ಣಿ ಹುಟ್ಟಿದ್ದೂ ಆ ಕೈಯಲ್ಲೇ.

ಮೇಡಂ ಗಡಿಯಾರ ನೋಡಿದರು. "ನಮಗೆ ಐವತ್ತು ನಿಮಿಷ ಉಂಟು ಸಾಂತಪ್ಪಣ್ಣ."

* * *

ಮೇಡಂಗಿಂತ ಮೊದಲು ನಾನೇ ಕಳ್ಳನನ್ನು ಹಿಡಿಯಬೇಕು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಸಿದ್ದಾಪುರದ ಮೆಡಿಕಲ್ ಶಾಪಿನ ಮಂಜುನಾಥನ ಮೇಲೆ ಕಣ್ಣು ಹೋಯಿತು. ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ ಸಿಗಲು ಶುರುವಾದ ಮೇಲೆ ಅವನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಫೋನ್ ಮಾಡಿ ಗದರಿಸಿದೆ.

"ಆರು ಗಂಟೆಯಿಂದ ಅಂಗಡಿಯಲ್ಲೇ ಇದ್ದೇನೆ ಸರ್," ಎಂದ. "ನಿಮ್ಮ ಹೆಂಡ್ತಿಗೇ ಏಳಕ್ಕೆ ಕೆಮ್ಮಿನ ಔಷಧಿ ಕೊಟ್ಟೆ. ಕೇಳಿ ನೋಡಿ."

ಕೇಳಿದೆ. ನಿಜ. ನನ್ನ ಮುಖ ಹುಳ್ಳಗಾಯಿತು.

ಮೇಡಂ ಅಷ್ಟು ಹೊತ್ತು ತಮ್ಮ ಮೊಬೈಲ್ ನೋಡುತ್ತಾ ಇದ್ದರು. ನಮ್ಮ ಕಡೆ ಆನೆ ಕಂಡವರು ತಿಳಿಸಲೆಂದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಪೊಲೀಸರು, ಪ್ಲಾಂಟರುಗಳು, ಲೈನಿನವರು ಎಲ್ಲರೂ ಅದರಲ್ಲಿದ್ದೇವೆ. ಅದನ್ನು ನೋಡದೆ ಬೆಳಿಗ್ಗೆ ಯಾರೂ ಹೊಸಿಲು ದಾಟುವುದಿಲ್ಲ.

ಮೇಡಂ ಓದಿದರು: "ಏಳು ಹತ್ತು. ಆರೋಗ್ಯ ಕೇಂದ್ರದ ಹಿಂದೆ ಕೆರೆ ಬದಿಯಲ್ಲಿ ಎರಡು ಆನೆ, ಒಂದು ಮರಿ. ಲೈನಿನವರು ಆ ದಾರಿ ಹಿಡಿಯಬೇಡಿ. ಎಂಟು ಮೂವತ್ತೈದು. ಆನೆ ಕಾಡಿಗೆ ದಾಟಿತು. ಎರಡನ್ನೂ ಹಾಕಿದ್ದು ಎಸ್ಟೇಟ್ ರೈಟರ್ ಗುರುವಪ್ಪ."

ನಾನು ತೊಡೆ ತಟ್ಟಿದೆ. "ಅವನೇ ಮೇಡಂ! ಆನೆ ಕಾಣಬೇಕಾದ್ರೆ ಅವನು ಇಲ್ಲೇ ಇದ್ದ. ಆಳುಗಳು ಈ ಡಾಕ್ಟರ್ ವಿಡಿಯೋ ಅಂತ ಪಿಕ್ಕಿಂಗ್ ಬಿಟ್ಟು ಬರ್ತಾರೆ ಅಂತ ಅವನಿಗೆ ಮೊದಲೇ ಸಿಟ್ಟು."

ಮೇಡಂ ಹೊರಗೆ ಹೋದರು. ರಸ್ತೆಯಲ್ಲಿ ನಿಂತು ಕತ್ತು ಚಾಚಿದರು. ಕಾಫಿ ಗಿಡ, ಸಿಲ್ವರ್ ಮರ, ಬೇಲಿ. ಕೆರೆ ಕಾಣಲಿಲ್ಲ. ಒಳಗೆ ಬಂದು ಹಿಂದಿನ ಕೋಣೆಯ ಕಿಟಕಿ ತೆರೆದರು. ಕೆರೆ ಪೂರ್ತಿ ಕಂಡಿತು.

"ಆನೆ ಕಂಡವರು ಈ ಕಿಟಕಿಯಲ್ಲಿ ನಿಂತಿರಬೇಕು. ರೈಟರನ್ನ ಕರೀರಿ."

* * *

ಹತ್ತೂವರೆಗೆ ಗುರುವಪ್ಪ ಏದುಸಿರು ಬಿಡುತ್ತಾ ಬಂದ.

"ಏಳು ಹತ್ತಕ್ಕೆ ನೀವು ಎಲ್ಲಿದ್ರಿ?"

"ಲೈನಲ್ಲಿ ಹಾಜರಿ ಕರೀತಿದ್ದೆ ಮೇಡಂ. ಅರುವತ್ತು ಜನ ಸಾಕ್ಷಿ ಉಂಟು."

"ಆನೆ ಹೆಂಗೆ ಕಂಡಿತು?"

"ನನಗೆಲ್ಲಿ ಕಂಡಿತು? ನರ್ಸಮ್ಮ ಫೋನ್ ಮಾಡಿ ಹೇಳಿದ್ರು. ದಾಟಿದ ಮೇಲೂ ಅವರೇ ಹೇಳಿದ್ದು. ನಾನು ಗ್ರೂಪಿಗೆ ಹಾಕಿದೆ ಅಷ್ಟೇ."

ಮೇಡಂ ನಿಧಾನಕ್ಕೆ ತಿರುಗಿದರು.

"ಸುಮಿತ್ರಮ್ಮ, ನೀವು ಇವತ್ತು ಕೆಲಸಕ್ಕೆ ಬಂದದ್ದು ಎಷ್ಟಕ್ಕೆ?"

"ಒಂಬತ್ತಕ್ಕೆ. ದಿವ್ಯ ಬಂದ ಮೇಲೆ. ಅಲ್ಲೀವರೆಗೆ ಸಿದ್ದಾಪುರದ ಮನೇಲಿದ್ದೆ."

"ಮನೆಯಿಂದ ಮೂರು ಮೈಲಿ ದೂರದ ಕೆರೆಯ ಆನೆ ಕಾಣ್ತದಾ? ಮರಿ ಸಮೇತ?"

ಸುಮಿತ್ರಮ್ಮನ ಕಣ್ಣು ಕಿಟಕಿಯ ಕಡೆ ಹೋಯಿತು.

"ನಾನು ಹೇಳ್ತೇನೆ, ತಪ್ಪಿದ್ರೆ ತಿದ್ದಿ," ಎಂದರು ಮೇಡಂ. "ಏಳಕ್ಕೆ ಬಂದ್ರಿ, ಟ್ಯಾಬ್ ತೆಗೆದ್ರಿ. ಹೊರಡಬೇಕು ಅನ್ನುವಾಗ ಕಿಟಕಿಯಲ್ಲಿ ಆನೆ. ಒಂದೂವರೆ ಗಂಟೆ ಒಳಗೇ ಸಿಕ್ಕಿಹಾಕ್ಕೊಂಡ್ರಿ. ಆನೆ ದಾಟಿದ ಕೂಡ್ಲೇ ಈ ದಾರಿ ತುಂಬ ಪಿಕ್ಕಿಂಗಿನ ಜನ. ಟ್ಯಾಬ್ ಹಿಡ್ಕೊಂಡು ಅವರ ಎದುರು ಹೋಗೋದು ಹೇಗೆ? ಹಂಗಾಗಿ ಅದು ಇಲ್ಲಿಂದ ಹೊರಗೇ ಹೋಗಿಲ್ಲ. ದಿವ್ಯ, ಇಲ್ಲಿ ನೀವು ಯಾವತ್ತೂ ತೆಗೆಯದ ಕಪಾಟು ಯಾವುದು?"

ದಿವ್ಯ ಯೋಚಿಸಿದಳು. "ಹಳೇ ಹೆರಿಗೆ ರಿಜಿಸ್ಟರಿನದ್ದು. ಟ್ಯಾಬ್ ಬಂದ ಮೇಲೆ ಅದನ್ನು ಯಾರು ಮುಟ್ತಾರೆ ಮೇಡಂ?"

ಆ ಮಾತಿಗೆ ಸುಮಿತ್ರಮ್ಮನ ಕಣ್ಣು ತುಂಬಿತು. ನಾನೇ ಕಪಾಟು ತೆಗೆದೆ. ಅವರ ದುಂಡು ಅಕ್ಷರದ ಇಪ್ಪತ್ತೆಂಟು ವರ್ಷದ ರಿಜಿಸ್ಟರುಗಳ ಅಡಿಯಲ್ಲಿ ಟ್ಯಾಬ್ ಮಲಗಿತ್ತು.

"ಒಂದು ದಿನ," ಎಂದರು ಸುಮಿತ್ರಮ್ಮ. "ಒಂದೇ ದಿನ ಅದು ಇಲ್ಲದಿದ್ರೆ ಇವಳು ನನ್ನ ಮಾತು ಕೇಳಿ ಆಸ್ಪತ್ರೆಗೆ ಬರ್ತಾಳೆ ಅಂದ್ಕೊಂಡೆ. ಇವಳ ಹೊಕ್ಕುಳ ಬಳ್ಳಿ ಕತ್ತರಿಸಿದವಳು ನಾನು. ಈಗ ಬಾಗಿಲಿಗೆ ಬಂದು ನನ್ನ ಹತ್ರವೇ 'ದಿವ್ಯಕ್ಕ ಇಲ್ವಾ' ಅಂತ ಕೇಳ್ತಾಳೆ. ಹೊಟ್ಟೆ ಉರೀತದೆ ಮೇಡಂ."

ಅದು ನನಗೆ ಗೊತ್ತಿದ್ದ ಉರಿ. ಆದರೂ ಬಸುರಿಯ ಜೀವ ಪಣಕ್ಕಿಟ್ಟು ಆಡುವ ಆಟವಾ ಇದು? ಸಿಟ್ಟೂ ಬಂತು, ಕನಿಕರವೂ ಬಂತು.

"ಅಷ್ಟಿದ್ದವರು ಆನೆ ವಿಷಯ ಯಾಕೆ ಹೇಳಿದ್ರಿ?" ಎಂದು ಕೇಳಿಯೇಬಿಟ್ಟೆ. "ಸುಮ್ಮನಿದ್ದಿದ್ರೆ ಸಿಕ್ಕಿ ಬೀಳ್ತಿರಲಿಲ್ಲ."

ಅವರು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಆನೆ ಕಂಡ್ರೆ ಹೇಳದೆ ಇರ್ಲಿಕ್ಕೆ ಆಗ್ತದಾ?"

* * *

ಹನ್ನೊಂದಕ್ಕೆ ಸರಿಯಾಗಿ ಡಾಕ್ಟರ ಮುಖ ಟ್ಯಾಬಿನಲ್ಲಿ ಬೆಳಗಿತು. ಮೂರು ವಾರದ ಬಿಪಿ ನೋಡಿದರು, ಸಣ್ಣಿಯ ಮುಖ ನೋಡಿದರು. "ಈಗಲೇ ಮಡಿಕೇರಿಗೆ ಹೊರಡಮ್ಮ. ನಾಳೆ ಅಂದ್ರೆ ತಡ ಆಗ್ತದೆ."

ಸಣ್ಣಿ ಎದ್ದಳು. ಎದ್ದವಳು ಹಿಡಿದದ್ದು ದಿವ್ಯಳ ಕೈ. ಸುಮಿತ್ರಮ್ಮ ಬೇರೆ ಕಡೆ ಮುಖ ತಿರುಗಿಸಿದರು.

ಆಂಬ್ಯುಲೆನ್ಸ್ ಬಂತು. ಇನ್ನೊಂದು ಕಡೆ ಸುಮಿತ್ರಮ್ಮನನ್ನು ಠಾಣೆಗೆ ಕರೆದೊಯ್ಯಲು ನಮ್ಮ ಜೀಪು ಕಾಯುತ್ತಿತ್ತು. ಸಣ್ಣಿ ಹತ್ತುವ ಮೊದಲು ನಿಂತಳು.

"ನರ್ಸಮ್ಮ, ನಾನು ಬೆಳಿಗ್ಗೆ ಏಳೂಕಾಲಿಗೆ ಕೆರೆಗೆ ಹೊರಟಿದ್ದೆ. ಕೊಡ ಕೈಯಲ್ಲಿತ್ತು. ರೈಟರು ಕೂಗಿ ನಿಲ್ಲಿಸಿದ್ರು. ಈ ಕಾಲಲ್ಲಿ ನನಗೆ ಓಡ್ಲಿಕ್ಕೆ ಆಗ್ತಿತ್ತಾ?"

ಸುಮಿತ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಜೀಪಿನ ಬಾಗಿಲು ಹಿಡಿದು ನಿಂತಿದ್ದೆ. ಮೇಡಂ ಅವಸರ ಮಾಡಲಿಲ್ಲ. ಅದಕ್ಕಾಗಿ ಅವರಿಗೆ ಮನಸ್ಸಿನಲ್ಲೇ ಒಂದು ಸೆಲ್ಯೂಟ್ ಹೊಡೆದೆ.

"ಹೋಗು, ಹೋಗು," ಎಂದರು ಸುಮಿತ್ರಮ್ಮ. "ಹೆರಿಗೆ ಆದ ಕೂಡ್ಲೇ ಫೋನ್ ಮಾಡು. ಠಾಣೆಗೇ ಮಾಡು. ಮೊದಲು ನನಗೆ ಗೊತ್ತಾಗ್ಬೇಕು. ಆ ಡಬ್ಬದೊಳಗಿನ ಡಾಕ್ಟರಿಗಲ್ಲ."