ಎಡಗಡೆಯ ರೆಕ್ಕೆ

"ಅಯ್ಯೋ, ಏನ್ರೀ ಮಾಡ್ತಿದೀರಾ!"

ಷೆಡ್ಡಿನ ಬಾಗಿಲಲ್ಲೇ ಅವಳು ಕಿರುಚಿದಳು. ಮೂರು ದಿನ ಬೆನ್ನು ಬಗ್ಗಿಸಿ ವಿಮಾನದ ರೆಕ್ಕೆಗೆ ಹಾಕಿದ ಹೊಲಿಗೆಯನ್ನು ಅವನು ಬ್ಲೇಡು ಹಿಡಿದು ಚರಚರನೆ ಬಿಚ್ಚುತ್ತಿದ್ದ!

"ಗಂಟಿಂದ ಗಂಟಿಗೆ ಮೂರು ಬೆರಳು ಅಂದಿದ್ದೆ. ಇಲ್ಲಿ ನಾಲ್ಕಾಗಿದೆ."

"ಒಂದು ಬೆರಳಿಗೆ ಇಷ್ಟು ರಂಪಾನಾ? ಇದೇನು ಹಾರೋಕೆ ಹೋಗುತ್ತಾ?"

ಅವನು ತಲೆ ಎತ್ತಿದ. "ಯುದ್ಧದ ಕಾಲದಲ್ಲಿ ಇದರಲ್ಲಿ ಹಾರೋದು ಕಲಿತಿದ್ದು ಹತ್ತೊಂಬತ್ತು ವರ್ಷದ ಹುಡುಗರು ರೀ. ಹೊಲಿಗೆ ನಂಬಿಕೊಂಡೇ ಮೇಲೆ ಹೋಗ್ತಿದ್ರು."

ಅವಳು ಸೂಜಿಗೆ ಮತ್ತೆ ದಾರ ಪೋಣಿಸಿದಳು.

ಶಾಲೆಯಲ್ಲಿ ಅವನು ಲೆಕ್ಕದ ಮೇಷ್ಟ್ರು. ರಜೆ ಬಂತೆಂದರೆ ಹಳೆಯ ವಿಮಾನ ನಿಲ್ದಾಣದ ಈ ಷೆಡ್ಡೇ ಮನೆ. ಮರದ ಮೂಳೆ, ಬಟ್ಟೆಯ ಚರ್ಮದ ಆ ಪುಟ್ಟ ವಿಮಾನವನ್ನು ನಿವೃತ್ತ ಮೆಕ್ಯಾನಿಕ್ ತಾತನ ಜೊತೆ ಸೇರಿ ಆರು ವರ್ಷದಿಂದ ಜೋಡಿಸುತ್ತಿದ್ದ. ರೆಕ್ಕೆಗೆ ಬಟ್ಟೆ ಹೊಲಿಯಲು ಒಳ್ಳೆಯ ಟೈಲರ್ ಬೇಕಿತ್ತು. ಹಾಗೆ ಬಂದವಳು ಅವಳು.

ಜಗಳದಲ್ಲೇ ಕೆಲಸ ಸಾಗಿತು. ಆ ಹುಡುಗರ ಕಥೆ ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು... ಅವಳ ಸೂಜಿ ತಾನಾಗಿಯೇ ನಿಲ್ಲುತ್ತಿತ್ತು. ಬಲಗಡೆಯ ರೆಕ್ಕೆ ಮುಗಿದ ದಿನ ಅವನು ಸ್ಕೇಲ್ ಹಿಡಿದು ಉದ್ದಕ್ಕೂ ಅಳೆದು, "ಒಂದೂ ತಪ್ಪಿಲ್ಲ!" ಎಂದಾಗ ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಮರುದಿನ ಅವಳು ಷೆಡ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿಂದ ಅವನ ದನಿ ಕಿವಿಗೆ ಬಿತ್ತು.

"ಎಡಗಡೆ ರೆಕ್ಕೆ ಅವರ ಕೈಲಿ ಆಗಲ್ಲ ತಾತ. ಬೇರೆ ಏನಾದ್ರೂ ನೋಡೋಣ."

ಆಗಲ್ಲವಾ? ನನ್ನ ಕೈಲಿ?

ಬಂದ ದಾರಿಯಲ್ಲೇ ತಿರುಗಿ ಹೋದಳು. ಅವನ ಫೋನು ಬಂದರೂ ಎತ್ತಲಿಲ್ಲ.

"ಯಾರ ಮೇಲಿನ ಕೋಪಾನೇ ಮೆಷಿನ್ ಮೇಲೆ ತೀರಿಸ್ಕೊಳ್ತಿದೀಯ?" ಎಂದು ಅವಳನ್ನು ಸಾಕಿದ ಚಿಕ್ಕಮ್ಮ ಕೇಳಿದರೆ, ಪೆಡಲನ್ನು ಇನ್ನಷ್ಟು ಜೋರಾಗಿ ತುಳಿದಳು.

ಹತ್ತು ದಿನದ ಮೇಲೆ ತಾತನೇ ಅಂಗಡಿಗೆ ಬಂದ.

"ಬಾಮ್ಮ, ಮೇಷ್ಟ್ರು ತಾವೇ ಹೊಲೀತೀನಿ ಅಂತ ರೆಕ್ಕೆ ಹಾಳು ಮಾಡ್ತಿದಾರೆ!"

"ನನ್ನ ಕೈಲಿ ಆಗಲ್ಲ ಅಂದ್ರಲ್ಲ?"

"ಅಯ್ಯೋ ಪೆದ್ದಿ! ಮೇಣದ ದಾರ ಎಳೆದೆಳೆದು ನಿನ್ನ ಬೆರಳು ಸೀಳಿ ರಕ್ತ ಬಂದಿತ್ತಲ್ಲ... ಆ ಕೈಲಿ ಇನ್ನೊಂದು ರೆಕ್ಕೆ ಆಗಲ್ಲ ಅಂತ ಸಂಕಟಪಟ್ರು ಅವರು!"

ಅವಳು ಚಪ್ಪಲಿ ಮೆಟ್ಟಿದ್ದೂ ಗೊತ್ತಾಗಲಿಲ್ಲ.

ಷೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಐದು ಬೆರಳಿಗೂ ಪ್ಲಾಸ್ಟರ್. ಹೊಲಿಗೆಯೋ, ದಾರಿ ತಪ್ಪಿದ ಇರುವೆ ಸಾಲು!

ನಗು, ಅಳು ಎರಡೂ ಒಟ್ಟಿಗೇ ಬಂದವು. "ನೇರವಾಗಿ ನನಗೆ ಹೇಳೋಕೆ ಏನಾಗಿತ್ತು ನಿಮಗೆ?"

ಅವನು ಗಡಬಡಿಸಿ ಎದ್ದ. "ನೀವು ಬರದ ಈ ಹತ್ತು ದಿನ... ವಿಮಾನವೇ ಬೇಡ ಅನ್ನಿಸಿಬಿಟ್ಟಿತ್ತು. ಆರು ವರ್ಷದಲ್ಲಿ ಇದೇ ಮೊದಲು."

"ಅಂದ್ರೆ?"

"ಅಂದ್ರೆ... ನಿಮ್ಮನ್ನ ಪ್ರೀತಿಸ್ತೀನಿ ರೀ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ."

"ಇಷ್ಟು ಬಂದ್ರೆ ಸಾಕು," ಎನ್ನುತ್ತಾ ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಾನೂ ಅಷ್ಟೇ... ಚಿಕ್ಕಮ್ಮನ ಹತ್ರ ಬಂದು ಮಾತಾಡ್ತೀರಾ?"

"ಈಗಲೇ ಬರ್ತೀನಿ!"

"ಮೊದಲು ಕೈ ತೊಳ್ಕೊಳ್ಳಿ. ಎಲ್ಲಾ ಮೇಣ!"

"ತೊಳ್ಕೊಳ್ಳೋಕೆ ನೀವು ಕೈ ಬಿಡ್ಬೇಕಲ್ಲ?"

ಆಗಲೇ ಅವಳು ಕೆಳಗೆ ನೋಡಿದ್ದು. ಅವನ ಕೈ ತನ್ನೆರಡೂ ಕೈಗಳ ನಡುವೆ ಇತ್ತು.

"ಇನ್ನೊಂದು ನಿಮಿಷ..." ಎಂದಳು.