ಬಲಗೈಯ ಫೋಟೋ

ತೊಗರಿ ಕೊಯ್ಲಿನ ದಿನಗಳು, ಬೆಳಗಿನ ಹತ್ತು ಗಂಟೆ. ಹುಮನಾಬಾದಿನ ಆಸ್ಪತ್ರೆಯೊಂದರಲ್ಲಿ, ಕೈಬೆರಳು ನೆಟ್ಟಗಿಲ್ಲದೆ ಹುಟ್ಟಿದ ಮಕ್ಕಳ ತಪಾಸಣೆ ನಡೆದಿತ್ತು.

ಅಲ್ಲಿ ಕೆಲಸಕ್ಕಿದ್ದ ಸ್ನೇಹಲ ಚೀಟಿ ಬರೆಯುತ್ತಿದ್ದಳು; ಬರೆಯುವ ಬಲಗೈ ಎಂದಿನಂತೆ ಓಢಣಿಯ ಮರೆಯಲ್ಲಿತ್ತು. ಓಢಣಿ ಜಾರಿತು... ಎದುರಿದ್ದವನ ಮೊಬೈಲು ಟಕ್ ಎಂದು ಆ ಕೈಯ ಫೋಟೋ ತೆಗೆಯಿತು.

"ನನ್ನ ಕೈ ಏನ್ ತಮಾಷಾ ಅದನ್ರಿ?"

"ತಪ್ಪಾಯ್ತ್ರಿ..." ಎಂದು ಅವನು ತಲೆ ತಗ್ಗಿಸಿ ಎದ್ದು ಹೋದ.

ಅವನು ಬಸವಕಲ್ಯಾಣದ ಸಂಘರತ್ನ, ಹೆಂಡತಿಯನ್ನು ಕಳೆದುಕೊಂಡವನು. ಆರು ವರ್ಷದ ಮಗಳು ಸುಜಾತಾಳ ಬಲಗೈಗೆ ಹುಟ್ಟಿನಿಂದ ಹೆಬ್ಬೆರಳಿಲ್ಲ. ಪೆನ್ಸಿಲು ಹಿಡಿಯಲಾಗದೆ ಶಾಲೆ ಬಿಟ್ಟಿದ್ದಳು.

ಸ್ನೇಹಲಳೂ ಹಾಗೇ ಹುಟ್ಟಿದವಳು. ಚಿಕ್ಕಂದಿನಲ್ಲಿ ಡಾಕ್ಟರು ತೋರುಬೆರಳನ್ನೇ ಸರಿಸಿ ಹೆಬ್ಬೆರಳು ಮಾಡಿದ್ದರು. ಬರೆಯಲು ಬಂತು, ರೊಟ್ಟಿ ಬಡಿಯಲು ಬಂತು. ಆದರೆ ಹೆಣ್ಣು ನೋಡಲು ಬಂದವರು ಬೆರಳು ಎಣಿಸಿ, ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಮೂರು ಸಲ. ಅಂದಿನಿಂದ ಅವಳು ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು.

ಸುಜಾತಾಳಿಗೂ ಅದೇ ಆಪರೇಶನ್ ಎಂದು ಗೊತ್ತುಮಾಡಿದ್ದರು. ಆ ದಿನ ಅವಳ ಹೆಸರು ಕರೆದರೆ ಯಾರೂ ಇಲ್ಲ. ಹೊರಗಿನಿಂದ ಬಂದ ಡಾಕ್ಟರು ಇನ್ನು ಎರಡೇ ದಿನ ಇರುವವರು. ಸ್ನೇಹಲ ಫೋನು ಮಾಡಿದಳು.

"ಅವ್ವ ಒಲ್ಲೆ ಅಂತಾಳ್ರಿ," ಎಂದ ಸಂಘರತ್ನ. "ಇದ್ದ ಬೆರಳೂ ಕೊಯ್ಸತಿ ಏನು ಅಂತ ಅಳಾಕತ್ತಾಳ. ಅಕಿಗೆ ತೋರಸಬೇಕಂತ ನಿಮ್ಮ ಕೈ ಫೋಟೋ ತಗದಿದ್ದೆ. ನಿಮಗ ನೋವಾತು... ತೋರಸಲಿಲ್ಲ."

ಸ್ನೇಹಲ ಓಢಣಿಯೊಳಗಿನ ಕೈ ನೋಡಿಕೊಂಡಳು. 'ನಾನು ಏನೆಂದುಕೊಂಡೆ...'

ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ಸು ಹತ್ತಿದಳು. ಸಂಘರತ್ನನ ತಾಯಿ ದ್ರೌಪತಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಸ್ನೇಹಲ ಎದುರು ಕುಳಿತು, ಓಢಣಿ ತಾನಾಗಿಯೇ ಸರಿಸಿ, ಬೇಳೆಯೊಳಗಿನ ಹರಳುಗಳನ್ನು ಒಂದೊಂದಾಗಿ ಹೆಕ್ಕಿಟ್ಟಳು.

ಮುದುಕಿ ಬಹಳ ಹೊತ್ತು ನೋಡಿದಳು.

"ನನ್ನ ಕಣ್ಣಿಗೆ ಕಾಣಲಾರದ ಹರಳು ನಿನ್ನ ಬೆರಳಿಗೆ ಸಿಗತಾವಲ್ಲ ಯವ್ವಾ... ಕೂಸಿನ ಕರಕೊಂಡು ಹೋಗು."

ಆಪರೇಶನ್ ಆಗಿ ಒಂದೂವರೆ ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಸುಜಾತಾ ಹೊಸ ಹೆಬ್ಬೆರಳಿನಿಂದ ಮೊದಲು ಹಿಡಿದದ್ದು ಸ್ನೇಹಲಳ ಓಢಣಿಯ ಅಂಚು.

ಸಂಘರತ್ನ ಮೊಬೈಲು ತೆಗೆದ. "ಆ ಫೋಟೋ ಅಳಿಸಿಬಿಡ್ತೀನ್ರಿ."

"ಇನ್ನೂ ಇಟ್ಟೀರಿ?"

"ದಿನಾ ನೋಡ್ತಿದ್ದೆ..."

"ಅದ್ರಾಗ ನನ್ನ ಮುಖಾ ಸೈತ ಇಲ್ಲಲ್ರಿ."

"ಮುಖಾ ನೆನಪದರಿ."

ಸಂಘರತ್ನ ಫೋಟೋ ಅಳಿಸದೆ ಮೊಬೈಲು ಜೇಬಿಗಿಟ್ಟ.

"ಅವ್ವನ ಕರಕೊಂಡು ಹೆಣ್ಣು ಕೇಳಾಕ ಬರ್ಲೇನ್ರಿ?"

"ಬರ್ರಿ..." ಸ್ನೇಹಲಳ ಕಣ್ಣು ತುಂಬಿತ್ತು. "ಚಹಾ ಮಾತ್ರ ಪೂರಾ ಕುಡೀಬೇಕು ನೋಡ್ರಿ."

ಅಂದು ಸ್ನೇಹಲ ಗೋಡೆಗೆ ಬೆನ್ನು ಕೊಟ್ಟು, ಹಾದಿಗೆ ಮುಖ ಮಾಡಿ ಒಬ್ಬಳೇ ಬುತ್ತಿ ಬಿಚ್ಚಿದಳು. ಅಪ್ಪ ಮಗಳು ಆಗಷ್ಟೇ ಅದೇ ಹಾದಿಯಲ್ಲಿ, ಮಧ್ಯಾಹ್ನದ ಬಸ್ಸಿಗೆ ಹೋಗಿದ್ದರು.